ಹೊರದೇಶದ ಬೀದಿಯಲ್ಲಿ ಒಡವೆ, ಫೋನು, ಪಾಸ್‌ಪೋರ್ಟ್: ನಾನು ಕಾಪಾಡಿಕೊಳ್ಳುವ ರೀತಿ

ಪ್ರವಾಸಿಗರ ತಂಡಗಳನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಜಾಸ್ತಿ ಓಡಾಟ ಯುರೋಪಿನಲ್ಲಿ. ರೋಮ್, ಪ್ಯಾರಿಸ್, ಬಾರ್ಸಿಲೋನಾ, ಲಂಡನ್. ಈ ಊರುಗಳಲ್ಲಿ ಪ್ರವಾಸಿಗರಿಗೆ ಎದುರಾಗುವ ಕಳ್ಳರಲ್ಲಿ ಚಾಕು ತೋರಿಸುವವರು ಕಡಿಮೆ, ಗೊತ್ತೇ ಆಗದ ಹಾಗೆ ಎತ್ತುವವರು ಜಾಸ್ತಿ. ನಿಮ್ಮ ಗಮನ ಒಂದೆರಡು ಸೆಕೆಂಡ್ ಬೇರೆ ಕಡೆ ಹೋದರೆ ಅವರಿಗೆ ಸಾಕು. ಹಾಗಾಗಿ ನಾನು ಬೀಗ, ಗುಪ್ತ ಜೇಬು, ವಿಶೇಷ ಬ್ಯಾಗು ಅಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ನಾನು ನೋಡುವುದು ಎರಡೇ ವಿಷಯ. ಮೈಮೇಲೆ ಏನಿದೆ? ಗಮನ ಯಾವ ಹೊತ್ತಿನಲ್ಲಿ ಜಾರುತ್ತದೆ?

ಮೊದಲನೆಯದು ಹೊರಡುವ ಮುಂಚೆಯೇ ತೀರ್ಮಾನ ಆಗಬೇಕು. ಒಡವೆಯ ವಿಷಯದಲ್ಲಿ ನಾನು ತುಂಬಾ ಗಟ್ಟಿ. ಒಂದು ತಂಡದಲ್ಲಿ ವಯಸ್ಸಾದ ಒಬ್ಬ ತಾಯಿ ಇದ್ದರು. "ಇದು ನಮ್ಮಮ್ಮ ಕೊಟ್ಟ ಸರ ಕಣಪ್ಪಾ. ಕತ್ತಿನಲ್ಲಿದ್ದರೇ ನನಗೆ ಧೈರ್ಯ" ಅಂದರು. "ಅಮ್ಮಾ, ಅದಕ್ಕೇ ಅದನ್ನ ತರಬೇಡಿ ಅಂತ ಹೇಳ್ತಿರೋದು" ಅಂದೆ. ಹೋದರೆ ಮತ್ತೆ ಕೊಂಡುಕೊಳ್ಳಬಹುದಾದ ವಸ್ತು ಬೇರೆ, ಕೊಳ್ಳಲಾಗದ ವಸ್ತು ಬೇರೆ. ಎರಡನೆಯದು ಮನೆಯಲ್ಲೋ ಬ್ಯಾಂಕ್ ಲಾಕರ್‌ನಲ್ಲೋ ಇರಬೇಕು.

ಕತ್ತಿನ ಸರದ ವಿಷಯದಲ್ಲಿ ಬೆಲೆಗಿಂತ ದೊಡ್ಡ ಚಿಂತೆ ಗಾಯದ್ದು. ತೆಳುವಾದ ಸರ ಎಳೆದ ಕೂಡಲೇ ಕಿತ್ತು ಬರುತ್ತದೆ. ದಪ್ಪ ಸರ ಕಿತ್ತು ಬರುವುದಿಲ್ಲ, ಮನುಷ್ಯರನ್ನೇ ಎಳೆದು ಕೆಡವುತ್ತದೆ. ಇಟಲಿಯ ನೇಪಲ್ಸ್, ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಯಂಥ ಕಡೆ ಸ್ಕೂಟರ್, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿದ್ದಾರೆ. ಓಡುತ್ತಿರುವ ಗಾಡಿಯಿಂದ ಎಳೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. "ಹಾಗಾದ್ರೆ ನಕಲಿ ಒಡವೆ ಹಾಕ್ಕೊಳ್ತೀವಿ ಬಿಡಿ" ಅನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ನಾನು ಒಪ್ಪುವುದಿಲ್ಲ. ಎಳೆಯುವವನು ಚಿನ್ನವಾ ಅಂತ ಒರೆಗೆ ಹಚ್ಚಿ ನೋಡುವುದಿಲ್ಲ. ಹೊಳೆದರೆ ಎಳೆಯುತ್ತಾನೆ. ಕತ್ತಿಗೆ ಆಗುವ ಗಾಯ ಎರಡರಲ್ಲೂ ಒಂದೇ.

ಬೆರಳಿನಿಂದ ಉಂಗುರ ಬರುವುದೇ ಇಲ್ಲ ಅನ್ನುವವರಿಗೆ ಕಲ್ಲನ್ನು ಅಂಗೈ ಕಡೆ ತಿರುಗಿಸಿಕೊಳ್ಳಲು ಹೇಳುತ್ತೇನೆ. ತೆಗೆಯಲಾಗದ ಬಳೆಗೆ ಪೂರ್ತಿ ತೋಳಿನ ಅಂಗಿ. ದುಬಾರಿ ಕೈಗಡಿಯಾರ ಕಟ್ಟಿದ ಗಂಡಸರಿಗೂ ಇದೇ ಮಾತು. ಬಾರ್ಸಿಲೋನಾದಲ್ಲಿ ಕಳ್ಳರು ವಾಚನ್ನು ದೂರದಿಂದಲೇ ಗುರುತು ಹಿಡಿಯುತ್ತಾರೆ. ಕೆಲವರು ತುಂಬಾ ಪರಿಚಯದವರ ಹಾಗೆ ಬಂದು ಅಪ್ಪಿಕೊಳ್ಳುತ್ತಾರೆ, ವಯಸ್ಸಾದವರನ್ನೇ ಆರಿಸಿಕೊಂಡು. ಅಪ್ಪುಗೆ ಬಿಡಿಸಿಕೊಳ್ಳುವಷ್ಟರಲ್ಲಿ ಕೈ ಖಾಲಿ.

ಮದುವೆಗೋ ಸಮಾರಂಭಕ್ಕೋ ಹೋಗುತ್ತಿದ್ದೀರಿ, ಒಡವೆ ಒಯ್ಯಲೇಬೇಕು ಅಂತಿಟ್ಟುಕೊಳ್ಳಿ. ಆಗ ಅದು ಚೆಕ್-ಇನ್ ಬ್ಯಾಗಿಗೆ ಯಾವತ್ತೂ ಹೋಗಬಾರದು. ಕೈಚೀಲದಲ್ಲೇ ಇರಲಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಡವೆಯನ್ನು ಟ್ರೇಯಲ್ಲಿ ಬಿಡಿಯಾಗಿ ಇಡದೆ, ಬ್ಯಾಗಿನೊಳಗೆ ಜಿಪ್ ಹಾಕಿ ಕಳಿಸಿ. ನಿಮ್ಮ ಮುಂದಿನವರು ತಪಾಸಣೆಯ ಗೇಟು ದಾಟಿದ ಮೇಲಷ್ಟೇ ನಿಮ್ಮ ಟ್ರೇ ಬಿಡಿ. ಸಮಾರಂಭದ ಜಾಗಕ್ಕೆ ಹೋಗಿ ಹಾಕಿಕೊಳ್ಳಿ, ಹೊರಡುವ ಮುಂಚೆ ತೆಗೆದಿಡಿ. ಪ್ರತಿಯೊಂದರ ಫೋಟೊ ಮತ್ತು ಬಿಲ್ಲು ನಿಮ್ಮ ಹತ್ತಿರವೂ, ಮನೆಯಲ್ಲಿ ಒಬ್ಬರ ಹತ್ತಿರವೂ ಇರಬೇಕು. ವಿಮೆಯ ಕಾಗದವನ್ನು ದಯವಿಟ್ಟು ಓದಿ. ಒಂದು ವಸ್ತುವಿಗೆ ಇಷ್ಟೇ ಅನ್ನುವ ಮಿತಿ ಬಹಳಷ್ಟು ಪ್ರವಾಸ ವಿಮೆಗಳಲ್ಲಿ ಇರುತ್ತದೆ. ಒಡವೆಯ ಬೆಲೆಗೆ ಅದು ಎಲ್ಲೂ ಸಾಲುವುದಿಲ್ಲ.

ಹಣದ ವಿಷಯ ಸುಲಭ. ಆ ದಿನಕ್ಕೆ ಬೇಕಾದಷ್ಟು ದುಡ್ಡು, ಒಂದು ಕಾರ್ಡು ಮುಂದಿನ ಜೇಬಿನಲ್ಲಿ. ಎರಡನೇ ಕಾರ್ಡು, ಉಳಿದ ನೋಟು, ಪಾಸ್‌ಪೋರ್ಟು ಬಟ್ಟೆಯ ಒಳಗೆ ಸೊಂಟಕ್ಕೆ ಕಟ್ಟುವ ತೆಳು ಚೀಲದಲ್ಲಿ. ಆ ಚೀಲವನ್ನು ಬೀದಿಯಲ್ಲಿ ತೆರೆಯಬಾರದು. ತೆರೆದರೆ ಅದು ಎಲ್ಲಿದೆ ಅಂತ ನೀವೇ ತೋರಿಸಿಕೊಟ್ಟಂತೆ.

ಇನ್ನು ಗಮನ ಜಾರುವ ಹೊತ್ತು. ನನ್ನ ಕೆಲಸದ ಮುಕ್ಕಾಲು ಭಾಗ ಇಲ್ಲೇ ಇದೆ.

ಕಳ್ಳತನ ಹೆಚ್ಚಾಗಿ ಆಗುವುದು ಬಾಗಿಲಲ್ಲಿ. ರೋಮ್‌ನಲ್ಲಿ ಟರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸು ಇದಕ್ಕೇ ಹೆಸರುವಾಸಿ. ಪ್ಯಾರಿಸ್ ಮೆಟ್ರೋದ 1ನೇ ಲೈನೂ ಅಷ್ಟೇ. ಅದು ಲೂವ್ರ್ ಮ್ಯೂಸಿಯಂ, ಶಾಂಜೆಲಿಜೆ ಬೀದಿಯ ಕೆಳಗೇ ಹೋಗುತ್ತದೆ. ಕೆಲಸ ಮಾಡುವುದು ಒಬ್ಬನಲ್ಲ, ತಂಡ. ಒಬ್ಬರು ನಿಮ್ಮ ಮುಂದೆ ಹತ್ತಿ, ಏನೋ ಮರೆತವರ ಹಾಗೆ ಬಾಗಿಲಲ್ಲೇ ನಿಲ್ಲುತ್ತಾರೆ. ಹಿಂದಿನಿಂದ ಇನ್ನೊಬ್ಬರು ಒತ್ತುತ್ತಾರೆ. ನಿಮಗೆ ರೈಲು ತಪ್ಪೀತು ಅನ್ನುವ ಆತಂಕ, ಮೈಗೆ ಮೈ ತಾಗುತ್ತಿರುವುದು ಸಹಜ ಅನ್ನಿಸುತ್ತದೆ. ಅಷ್ಟರಲ್ಲಿ ಮೂರನೆಯ ಕೈ ಕೆಲಸ ಮುಗಿಸಿ ವಸ್ತುವನ್ನು ನಾಲ್ಕನೆಯವರಿಗೆ ದಾಟಿಸುತ್ತದೆ. ಬಾಗಿಲು ಮುಚ್ಚುವ ಮುಂಚೆ ಅವರೆಲ್ಲ ಇಳಿದಿರುತ್ತಾರೆ. ನೀವು ಒಬ್ಬರನ್ನು ಹಿಡಿದರೂ ಅವರ ಹತ್ತಿರ ಏನೂ ಸಿಗುವುದಿಲ್ಲ.

ನನ್ನ ತಂಡಕ್ಕೆ ನಾನು ಹೇಳುವುದು ಒಂದೇ. ಬೋಗಿ ತುಂಬಿದ್ದರೆ ಹತ್ತಬೇಡಿ, ಮುಂದಿನದಕ್ಕೆ ಹೋಗೋಣ. ಪ್ಯಾರಿಸ್ಸಿನಲ್ಲಿ ಇನ್ನೊಂದು ರೈಲು ಕೆಲವೇ ನಿಮಿಷದಲ್ಲಿ ಬರುತ್ತದೆ. ರೈಲು ಕಾಣಿಸುವ ಮೊದಲೇ ಫೋನು ಒಳಗೆ ಹೋಗಬೇಕು. ಬ್ಯಾಗು ಎದೆಯ ಮೇಲೆ, ಕೈ ಜಿಪ್ಪಿನ ಮೇಲೆ. ಒಳಗೆ ಹೋದ ಮೇಲೆ ಬಾಗಿಲ ಪಕ್ಕ ನಿಲ್ಲಬೇಡಿ. ಎಸ್ಕಲೇಟರಿನ ಕೊನೆಯಲ್ಲಿ ಮುಂದಿನವರು ತಟ್ಟನೆ ನಿಂತುಬಿಟ್ಟರೆ, ಮೊದಲು ನಿಮ್ಮ ಬ್ಯಾಗು ಹಿಡಿದುಕೊಳ್ಳಿ, ಆಮೇಲೆ ಅವರ ಮುಖ ನೋಡಿ.

'ಜೇಬುಗಳ್ಳರಿದ್ದಾರೆ' ಅನ್ನುವ ಫಲಕ ಕಂಡ ಕೂಡಲೇ ಜನ ಪರ್ಸು ಮುಟ್ಟಿ ನೋಡಿಕೊಳ್ಳುತ್ತಾರೆ. ಗಮನಿಸುತ್ತಿರುವವನಿಗೆ ಅದೇ ಬೇಕು. ಮುಟ್ಟಬೇಡಿ. ಅದು ಎಲ್ಲಿದೆ ಅಂತ ನಿಮಗೆ ಗೊತ್ತಲ್ವಾ?

ಕಳ್ಳರನ್ನು ಮುಖ ನೋಡಿ ಗುರುತು ಹಿಡಿಯುತ್ತೇನೆ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಕೈಯಲ್ಲಿ ಮ್ಯಾಪು, ಕೊರಳಲ್ಲಿ ಕ್ಯಾಮೆರಾ, ಒಳ್ಳೆಯ ಬಟ್ಟೆ, ಪ್ರವಾಸಿಗರ ಹಾಗೇ ಇರುತ್ತಾರೆ. ಕೆಲವರು ಮಕ್ಕಳು. 2013ರ ಏಪ್ರಿಲ್‌ನಲ್ಲಿ ಜೇಬುಗಳ್ಳರ ಕಾಟ ತಡೆಯಲಾರದೆ ಲೂವ್ರ್ ಸಿಬ್ಬಂದಿ ಕೆಲಸ ನಿಲ್ಲಿಸಿದರು. ಮ್ಯೂಸಿಯಂ ಒಂದು ದಿನ ಮುಚ್ಚಿತು. ಅಲ್ಲಿ ಮಕ್ಕಳಿಗೆ ಟಿಕೆಟ್ ಇಲ್ಲ, ಹಾಗಾಗಿ ಕಳ್ಳರ ಗುಂಪಿನ ಮಕ್ಕಳೂ ಸಲೀಸಾಗಿ ಒಳಗೆ ಬರುತ್ತಿದ್ದರು. 2015ರ ಮೇ ತಿಂಗಳಲ್ಲಿ ಐಫೆಲ್ ಟವರ್ ಸಿಬ್ಬಂದಿಯೂ ಇದೇ ಕಾರಣಕ್ಕೆ ಕೆಲಸ ನಿಲ್ಲಿಸಿ ಹೊರಗೆ ಬಂದರು. ಒಳಗೆ ಕೆಲಸ ಮಾಡುವವರಿಗೇ ಇಷ್ಟು ಕಷ್ಟ ಆಗಿತ್ತು ಅಂದರೆ, ಹೊಸದಾಗಿ ಬಂದ ನಮಗೆ ಮುಖ ನೋಡಿ ಏನು ಗೊತ್ತಾದೀತು? ನಡವಳಿಕೆ ನೋಡಬೇಕು. ಎಲ್ಲರೂ ಚರ್ಚಿನ ಗೋಪುರ ನೋಡುತ್ತಿರುವಾಗ ಯಾರು ಜನರ ಬ್ಯಾಗುಗಳನ್ನು ನೋಡುತ್ತಿದ್ದಾರೆ? ನಾನು ಹುಡುಕುವುದು ಆ ಕಣ್ಣುಗಳನ್ನು.

ಬೀದಿಯ ತಂತ್ರಗಳು ಹಲವು. ಪ್ಯಾರಿಸ್ಸಿನ ಸಾಕ್ರೆ ಕರ್ ಚರ್ಚಿನ ಮೆಟ್ಟಿಲ ಹತ್ತಿರ ನಿಮ್ಮ ಬೆರಳಿಗೆ ದಾರ ಸುತ್ತುತ್ತಾರೆ. ಸೇನ್ ನದಿಯ ದಂಡೆಯಲ್ಲಿ 'ಈ ಚಿನ್ನದ ಉಂಗುರ ನಿಮ್ಮದಾ' ಅಂತ ನೆಲದಿಂದ ಎತ್ತಿ ತೋರಿಸುತ್ತಾರೆ. ಸ್ಪೇನಿನ ಗ್ರಾನಡಾದಲ್ಲಿ ರೋಸ್‌ಮೇರಿ ಗಿಡದ ಕಡ್ಡಿ ಕೈಗಿಡುತ್ತಾರೆ. ಇನ್ನೆಲ್ಲೋ ಕಾಗದದ ಹಲಗೆ ಹಿಡಿದು ಸಹಿ ಕೇಳುತ್ತಾರೆ. ಕೋಟಿನ ಮೇಲೆ ಏನೋ ಚೆಲ್ಲಿ, ತಾವೇ ಒರೆಸಲು ಬರುತ್ತಾರೆ. ಎಲ್ಲದರ ಕೆಲಸವೂ ಒಂದೇ: ನಿಮ್ಮನ್ನು ನಿಲ್ಲಿಸುವುದು, ನಿಮ್ಮ ಕೈಗೆ ಬೇರೆ ಕೆಲಸ ಕೊಡುವುದು. ಅದಕ್ಕೇ ನಮ್ಮ ನಿಯಮವೂ ಒಂದೇ. ನಿಲ್ಲಬೇಡಿ, ಕೈ ಚಾಚಬೇಡಿ. ಬಟ್ಟೆ ಕೊಳೆಯಾದರೆ ಹಾಗೇ ನಡೆದು ಯಾವುದಾದರೂ ಅಂಗಡಿಯೊಳಗೆ ಹೋಗಿ ಒರೆಸಿಕೊಳ್ಳಿ.

ಹಿರಿಯರಿಗೆ ಇದು ಕಷ್ಟ. ಮಾತಾಡಿಸಿದವರಿಗೆ ಉತ್ತರ ಕೊಡದೆ ಹೋಗುವುದು ಅವರಿಗೆ ಸರಿ ಅನ್ನಿಸುವುದಿಲ್ಲ. ಆ ಒಳ್ಳೆಯತನ ನನಗೂ ಇಷ್ಟ, ಅದು ಕಳೆದುಹೋಗಬಾರದು. ದಾರಿ ಕೇಳುವವರಲ್ಲಿ ಬಹಳಷ್ಟು ಜನ ನಿಜವಾಗಿಯೂ ದಾರಿ ತಪ್ಪಿದವರೇ. ನಾನು ಉತ್ತರ ಕೊಡುತ್ತೇನೆ. ಆದರೆ ಎರಡು ಹೆಜ್ಜೆ ಹಿಂದೆ ಸರಿದು, ಬ್ಯಾಗಿನ ಮೇಲೆ ಕೈಯಿಟ್ಟು. ಮಫ್ತಿಯಲ್ಲಿ ಬಂದು 'ಪೊಲೀಸ್, ಪರ್ಸು ತೋರಿಸಿ' ಅನ್ನುವವರಿಗೆ ಮಾತ್ರ ಪರ್ಸು ತೆಗೆಯುವುದೇ ಇಲ್ಲ. ಠಾಣೆಗೆ ಹೋಗೋಣ ಬನ್ನಿ ಅನ್ನುತ್ತೇನೆ. ನಕಲಿಯಾಗಿದ್ದರೆ ಅಲ್ಲಿಗೆ ಬರುವ ಧೈರ್ಯ ಇರುವುದಿಲ್ಲ.

ಕೆಫೆಯಲ್ಲಿ ಫೋನು ಮೇಜಿನ ಮೇಲೆ ಬೇಡ. ಒಬ್ಬರು ಬಂದು ಅದರ ಮೇಲೆ ಕಾಗದ ಹಿಡಿದು ಏನೋ ಕೇಳುತ್ತಾರೆ, ಕಾಗದದ ಜೊತೆ ಫೋನೂ ಹೋಗುತ್ತದೆ. ಬ್ಯಾಗನ್ನು ಕುರ್ಚಿಯ ಬೆನ್ನಿಗೆ ಹಾಕುವ ಬದಲು ತೊಡೆಯ ಮೇಲಿಡಿ. ಕೆಳಗಿಟ್ಟರೆ ಪಟ್ಟಿಯೊಳಗೆ ಕಾಲು ತೂರಿಸಿಕೊಳ್ಳಿ.

ಲಂಡನ್‌ನಲ್ಲಿ ಫೋನೇ ಮುಖ್ಯ ಗುರಿ. ಎಲೆಕ್ಟ್ರಿಕ್ ಬೈಕಿನಲ್ಲಿ ಫುಟ್‌ಪಾತಿಗೆ ಉಜ್ಜಿಕೊಂಡು ಬಂದು ಕೈಯಿಂದಲೇ ಕಸಿಯುತ್ತಾರೆ. ಮ್ಯಾಪು ನೋಡಬೇಕೆಂದರೆ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ. ಐಫೋನಿನಲ್ಲಿ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಅಂತ 2024ರಲ್ಲಿ ಬಂದಿದೆ. ಅದನ್ನು ಆನ್ ಮಾಡಿದ್ದರೆ, ಪಾಸ್‌ಕೋಡ್ ಕದ್ದು ನೋಡಿದವನು ಕೂಡ ನಿಮ್ಮ ಖಾತೆಯ ಪಾಸ್‌ವರ್ಡ್ ಬದಲಿಸಲಾರ. ಆಂಡ್ರಾಯ್ಡ್‌ನಲ್ಲಿ ಥೆಫ್ಟ್ ಡಿಟೆಕ್ಷನ್ ಲಾಕ್ ಇದೆ. ಕಸಿದು ಓಡಿದ ಚಲನೆ ಗೊತ್ತಾದರೆ ಪರದೆ ತಾನೇ ಲಾಕ್ ಆಗುತ್ತದೆ. ಹೊರಡುವ ಮುಂಚೆ *#06# ಒತ್ತಿ, ಬರುವ ಐಎಂಇಐ ನಂಬರನ್ನು, ಅಂದರೆ ನಿಮ್ಮ ಫೋನಿನ ಗುರುತಿನ ಸಂಖ್ಯೆಯನ್ನು, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫೋನಿನಲ್ಲೇ ಇಟ್ಟರೆ ಏನು ಪ್ರಯೋಜನ?

ಇಷ್ಟೆಲ್ಲ ಮಾಡಿದರೂ ಕಳ್ಳತನ ಆಗಬಹುದು. ಕಸಿದರೆ ಬಿಟ್ಟುಬಿಡಿ, ಹಿಡಿದು ಎಳೆದಾಡಬೇಡಿ, ಅಟ್ಟಿಸಿಕೊಂಡು ಓಡಬೇಡಿ. ಮೊದಲ ಕೆಲಸ ಇನ್ನೊಬ್ಬರ ಫೋನಿನಿಂದ ಕಾರ್ಡು ಬ್ಲಾಕ್ ಮಾಡಿಸುವುದು. ಅದಕ್ಕೆ ಬೇಕಾದ ಬ್ಯಾಂಕಿನ ನಂಬರು ಕಾಗದದಲ್ಲಿ ಇರಬೇಕು. ಆಮೇಲೆ ಫೋನನ್ನು ದೂರದಿಂದಲೇ ಲಾಕ್ ಮಾಡಿ, ಸಿಮ್ ನಿಲ್ಲಿಸಿ. ಗಾಯವಾಗಿದ್ದರೆ, ಇಲ್ಲವೇ ಕಳ್ಳ ಇನ್ನೂ ಅಲ್ಲೇ ಇದ್ದರೆ, ಯುರೋಪಿನ ಒಕ್ಕೂಟದ ಯಾವ ದೇಶದಲ್ಲೂ 112ಕ್ಕೆ ಕರೆ ಮಾಡಿ. ಬ್ರಿಟನ್ನಿನಲ್ಲಿ 999.

ಪೊಲೀಸ್ ದೂರು ಅದೇ ದಿನ ಕೊಡಿ. ವಸ್ತು ಸಿಗುತ್ತದೆ ಅನ್ನುವ ಆಸೆ ಬೇಡ. ಸ್ಪೇನಿನಲ್ಲಿ 400 ಯೂರೋ ಒಳಗಿನ ಕಳ್ಳತನವನ್ನು ಸಾಮಾನ್ಯವಾಗಿ ಸಣ್ಣ ಅಪರಾಧ ಅಂತಲೇ ನೋಡುತ್ತಾರೆ, ಹೆಚ್ಚಿನ ಸಲ ದಂಡ ಹಾಕಿ ಬಿಡುತ್ತಾರೆ. ಆದರೂ ವಿಮೆಗೆ ಆ ಕಾಗದ ಬೇಕೇ ಬೇಕು. ಹೊಸ ಪಾಸ್‌ಪೋರ್ಟಿಗಾಗಿ ರಾಯಭಾರ ಕಚೇರಿಯಲ್ಲೂ ಅದನ್ನು ಕೇಳುತ್ತಾರೆ. ಕಳೆದ ಪ್ರತಿ ವಸ್ತುವಿನ ಹೆಸರು, ಐಎಂಇಐ ನಂಬರು, ಒಡವೆಯಾದರೆ ಫೋಟೊ ಸಮೇತ ಬರೆಸಿ. ಠಾಣೆಯಿಂದ ಹೊರಡುವ ಮುಂಚೆ ಮುದ್ರೆ ಬಿದ್ದ ಪ್ರತಿ ಕೈಯಲ್ಲಿದೆಯಾ, ನಿಮ್ಮ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇವೆಯಾ ಅಂತ ಅಲ್ಲೇ ನಿಂತು ಓದಿ ನೋಡಿ.