ಅಮ್ಮನ ಕಣ್ಣಿಗೆ ಡಾಕ್ಟರ್ ಹುಡುಕಿದ್ದು

ಅಮ್ಮನಿಗೆ ಶುಗರ್ ಬಂದು ಬಹಳ ವರ್ಷವಾಗಿದೆ. ಕಣ್ಣು ಮಂಜಾಗ್ತಿದೆ ಅಂದಾಗ ಮೊದಲು ಹೋಗಿದ್ದು ಕನ್ನಡಕದ ಅಂಗಡಿಗೆ. ಪವರ್ ನೋಡಿದ ಹುಡುಗಿ, "ಇದು ಕನ್ನಡಕದಲ್ಲಿ ಸರಿಹೋಗಲ್ಲ ಸರ್, ಪೊರೆ ಇರಬಹುದು, ಡಾಕ್ಟರಿಗೆ ತೋರಿಸಿ" ಅಂದಳು. ಅಂಗಡಿಯಲ್ಲಿ ಪವರ್ ನೋಡುವವರು ಕಣ್ಣಿನ ಡಾಕ್ಟರ್ ಅಲ್ಲ. ಕಾಯಿಲೆ ನೋಡಿ ಆಪರೇಷನ್ ಮಾಡುವವರು ಎಂಬಿಬಿಎಸ್ ಆದಮೇಲೆ ಕಣ್ಣಿನ ವಿಷಯದಲ್ಲೇ ಎಂಎಸ್, ಡಿಎನ್‌ಬಿ ಅಥವಾ ಡಿಒ ಓದಿರುತ್ತಾರೆ.

ಮನೆ ಹತ್ತಿರದ ಆಸ್ಪತ್ರೆಯಲ್ಲಿ ಎಲ್ಲ ಬೇಗ ಮುಗಿಯಿತು. ಪೊರೆ ಇದೆ ಅಂದರು. ತಕ್ಷಣ ಪೊರೆ ತೆಗೆದು ಕಣ್ಣೊಳಗೆ ಹಾಕುವ ಲೆನ್ಸ್‌ಗಳ ರೇಟ್ ಕಾರ್ಡ್ ಮುಂದಿಟ್ಟರು. ಮಲ್ಟಿಫೋಕಲ್ ಹಾಕಿಸಿದರೆ ಕನ್ನಡಕವೇ ಬೇಡವಂತೆ. ಆದರೆ ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗವನ್ನು ಯಾರೂ ನೋಡಿರಲಿಲ್ಲ. ಶುಗರ್ ಇರುವ ಕಣ್ಣು, ಹಿಂಭಾಗವನ್ನೇ ನೋಡದೆ ಆಪರೇಷನ್‌ಗೆ ದಿನ ಗೊತ್ತುಮಾಡುವುದು ನನಗೆ ಸರಿ ಅನ್ನಿಸಲಿಲ್ಲ. ಅಮ್ಮನನ್ನು ಕರೆದುಕೊಂಡು ಬಂದೆ.

ಅಮ್ಮನ ಶುಗರ್ ಡಾಕ್ಟರನ್ನು ಕೇಳಿದೆ. "ಪೊರೆ ತೆಗೆಯೋರು ಬೇಕಾದಷ್ಟು ಜನ ಇದ್ದಾರೆ. ಅಮ್ಮನಿಗೆ ಮೊದಲು ರೆಟಿನಾ, ಅಂದ್ರೆ ಕಣ್ಣಿನ ಹಿಂದಿನ ಪದರ ನೋಡೋರು ಬೇಕು" ಅಂದರು. ಹುಡುಕಾಟದ ದಾರಿ ಬದಲಾಗಿದ್ದೇ ಈ ಮಾತಿನಿಂದ. ಅವರು ಹೇಳಿದ ರೆಟಿನಾ ಡಾಕ್ಟರ ಹೆಸರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ನೋಡಿದೆ. ಅವರ ಹತ್ತಿರ ತೋರಿಸಿದ್ದವರನ್ನೂ ವಿಚಾರಿಸಿದೆ. "ಡಾಕ್ಟರ್ ಒಳ್ಳೆಯವರಾ" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಹಾಗಾಗಿ, "ಆಪರೇಷನ್ ಮಾಡಿದವರೇ ಮಾರನೇ ದಿನ ಕಣ್ಣು ನೋಡಿದ್ರಾ" ಅಂತ ಕೇಳಿದೆ.

ಈ ರೆಟಿನಾ ಡಾಕ್ಟರ್ ಡ್ರಾಪ್ಸ್ ಹಾಕಿಸಿ, ಪಾಪೆ ಅಗಲವಾಗುವವರೆಗೆ ಕೂರಿಸಿದರು. ಆಮೇಲೆ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಿ, ಪರದೆ ನಮ್ಮ ಕಡೆ ತಿರುಗಿಸಿ ತೋರಿಸಿದರು. "ಅಮ್ಮಾ, ಪೊರೆ ಇರೋದು ನಿಜ. ಆದ್ರೆ ಹಿಂದೆ ರೆಟಿನಾದಲ್ಲಿ ನೀರು ತುಂಬಿ ಊದಿಕೊಂಡಿದೆ. ಮೊದಲು ಅದನ್ನ ಇಳಿಸೋಣ." ಊತ ಇರುವಾಗಲೇ ಪೊರೆ ತೆಗೆದರೆ ಅದು ಜಾಸ್ತಿಯಾಗಬಹುದಂತೆ. ಅದಕ್ಕೆ ಮೊದಲು ಕಣ್ಣಿಗೆ ಇಂಜೆಕ್ಷನ್, ಜೊತೆಗೆ ಶುಗರ್ ಹತೋಟಿ, ಆಮೇಲೆ ಆಪರೇಷನ್. ಲೆನ್ಸ್ ಕೂಡ ಒಂದೇ ದೂರಕ್ಕೆ ಹೊಂದುವ ಮಾಮೂಲಿ ಮೊನೋಫೋಕಲ್ ಸಾಕು ಅಂದರು. ಮಲ್ಟಿಫೋಕಲ್ ಲೆನ್ಸ್ ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ. ರೆಟಿನಾ ಸೋತಿರುವ ಕಣ್ಣಿಗೆ ಅದರಿಂದ ಇನ್ನಷ್ಟು ಮಸುಕಾಗಿ ಕಾಣಬಹುದು.

ಆಪರೇಷನ್ ಆದಮೇಲೆ ಪೂರ್ತಿ ಕಾಣುತ್ತಾ ಅಂತ ಕೇಳಿದೆ. "ಪೊರೆಯ ಮಂಜು ಹೋಗುತ್ತೆ. ರೆಟಿನಾ ಎಷ್ಟು ಚೇತರಿಸಿಕೊಳ್ಳುತ್ತೆ ಅಂತ ಈಗಲೇ ಮಾತು ಕೊಡಲಾರೆ" ಅಂದರು. ಇವರ ಹತ್ತಿರವೇ ಮಾಡಿಸೋಣ ಅಂತ ನಾನು ಆಗಲೇ ಗಟ್ಟಿ ಮಾಡಿಕೊಂಡೆ.

ಖರ್ಚಿನ ಚಿಂತೆ ಇರುವವರಿಗೆ ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗಬೇಕು. ಎಲ್ಲಿಗೇ ಹೋದರೂ ಹಳೆಯ ರಿಪೋರ್ಟ್, ಮಾತ್ರೆ ಚೀಟಿ ಜೊತೆಗಿರಲಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಸುಕಾಗಿರುತ್ತದೆ, ಗಾಡಿ ಓಡಿಸಲು ಆಗಲ್ಲ. ಆಪರೇಷನ್ ಆಯಿತು, ಅಮ್ಮ ಈಗ ಓದುವಾಗ ಮಾತ್ರ ಕನ್ನಡಕ ಹಾಕುತ್ತಾರೆ. ಪೊರೆ ಹೋದರೂ ಶುಗರ್ ಹೋಗಿಲ್ಲವಲ್ಲ, ರೆಟಿನಾ ತಪಾಸಣೆಗೆ ಅದೇ ಡಾಕ್ಟರ ಹತ್ತಿರ ಹೋಗುತ್ತಲೇ ಇದ್ದೇವೆ.