ಸುರಂಗದ ಬಾಯಿವರೆಗೆ ಹದಿನೆಂಟು ಮೆಟ್ಟಿಲು

ನಾನು ಕಾಸರಗೋಡಿನ ಬದಿಯಡ್ಕದ ಆಸುಪಾಸಿನಲ್ಲಿ ಪಾಲಿಯೇಟಿವ್ ನರ್ಸ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡಲು ಮನೆಮನೆಗೆ ಹೋಗುವವಳು. ಕೇರಳದಲ್ಲಿ 2008ರಲ್ಲಿ ಪಾಲಿಯೇಟಿವ್ ನೀತಿ ಬಂದ ಮೇಲೆ ಪಂಚಾಯತುಗಳ ಮೂಲಕ ಈ ಮನೆ ಭೇಟಿ ಬೆಳೆಯಿತು. ಹಾಸಿಗೆ ಹಿಡಿದವರು ಮಾತ್ರ ಅಲ್ಲ, ಶುಗರ್, ಬಿಪಿ, ಹೃದಯದ ತೊಂದರೆ ಅಂತ ವರ್ಷಗಟ್ಟಲೆ ಮಾತ್ರೆ ನುಂಗುವ ಅಜ್ಜ ಅಜ್ಜಿಯರನ್ನೂ ನೋಡುತ್ತೇನೆ.

ಮೊದಮೊದಲು ಅವರ ಗುರಿಯನ್ನು ಬರೆಯುತ್ತಿದ್ದವಳು ನಾನೇ. ಶುಗರ್ ಇಷ್ಟಕ್ಕೆ ಇಳಿಯಬೇಕು, ಅನ್ನ ಕಡಿಮೆ, ಉಪ್ಪಿನಕಾಯಿ ಬಂದ್. ಎಲ್ಲರೂ "ಆಯ್ತು ಸಿಸ್ಟರೇ" ಅನ್ನುತ್ತಿದ್ದರು. ಒಬ್ಬರು ಅಜ್ಜಿ ಅದನ್ನು ನಿಜಕ್ಕೂ ಪಾಲಿಸಿದರು. ಬೆಳಿಗ್ಗೆ ನಾನು ರಕ್ತ ನೋಡಲು ಬರುತ್ತೇನೆಂದು ರಾತ್ರಿ ಗಂಜಿ ಬಿಟ್ಟರು, ಮಾತ್ರೆ ಮಾತ್ರ ಬಿಡಲಿಲ್ಲ. ನಾನು ಹೋದಾಗ ಸೀರೆ ಬೆವರಿಗೆ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು. ಮೀಟರಿನಲ್ಲಿ 54. ಎಪ್ಪತ್ತಕ್ಕಿಂತ ಕೆಳಗೆ ಇಳಿಯಲೇಬಾರದು. ಸಕ್ಕರೆ ನೀರು ಕುಡಿಸಿ, ಕಾಲು ಗಂಟೆ ಕೈ ಹಿಡಿದು ಕೂತೆ. "ನಿಮಗೆ ಬೇಜಾರಾಗುದು ಬೇಡ ಅಂತ" ಎಂದರು. ಆ ಮಾತು ಈಗಲೂ ಚುಚ್ಚುತ್ತದೆ. ಡಾಕ್ಟ್ರು ಮಾತ್ರೆ ಕಡಿಮೆ ಮಾಡಿದರು. ಪ್ರಾಯವಾಗಿ ನಾಲ್ಕಾರು ಕಾಯಿಲೆ ಇರುವವರಿಗೆ ಎಚ್‌ಬಿಎ ಒನ್ ಸಿ, ಅಂದರೆ ಎರಡು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಪರೀಕ್ಷೆ, ಶೇಕಡಾ 8ರ ಒಳಗಿದ್ದರೆ ಸಾಕು, ಇನ್ನೂ ಇಳಿಸಲು ಹೋಗಿ ಹೀಗೆ ಬೀಳಿಸುವುದು ಬೇಡ ಎಂದರು.

ಈಗ ನಾನು ಮೊದಲು ಕೇಳುವುದೇ ಬೇರೆ. "ಈ ಕಾಯಿಲೆ ಬಂದ ಮೇಲೆ ಆಗುದಿಲ್ಲ ಅಂತ ಬಿಟ್ಟದ್ದು ಎಂತ ಉಂಟು? ಅದರಲ್ಲಿ ಯಾವುದು ವಾಪಸು ಬೇಕು?" ಕೇಳಿ ಸುಮ್ಮನೆ ಕೂರಬೇಕು. ಪಕ್ಕದಲ್ಲಿ ಮಗನೋ ಸೊಸೆಯೋ ಇದ್ದರೆ ಉತ್ತರ ಅವರದ್ದೇ ಬರುತ್ತದೆ. ಹಾಗಾಗಿ ಅಜ್ಜ ಅಜ್ಜಿಯರ ಹತ್ತಿರ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡುತ್ತೇನೆ.

78 ವರ್ಷದ ಒಬ್ಬರು ಅಜ್ಜ ತುಂಬ ಹೊತ್ತು ಅಂಗಳ ನೋಡಿ ಹೇಳಿದರು, "ಸುರಂಗದ ಬಾಯಿವರೆಗೆ ಒಮ್ಮೆ ಹೋಗ್ಬೇಕು. ನೀರು ಎಷ್ಟು ಬೀಳ್ತದೆ ನೋಡ್ಬೇಕು." ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗವೇ ನಮ್ಮ ಕಡೆ ಎಷ್ಟೋ ಮನೆಗೆ ನೀರು. ಇವರ ಮನೆಯ ಸುರಂಗ ಕೊರೆಯುವಾಗ ಮಣ್ಣು ಹೊತ್ತವರು ಈ ಅಜ್ಜನೇ. ಮನೆ ಹಿಂದಿನಿಂದ ಅಲ್ಲಿಗೆ 18 ಮುರಕಲ್ಲಿನ (ಕೆಂಪುಕಲ್ಲಿನ) ಮೆಟ್ಟಿಲು. ಅವರಿಗೆ ಗಂಟು ನೋವು, ಶುಗರ್‌ನಿಂದ ಪಾದ ಮರಗಟ್ಟಿದೆ.

"ಹದಿನಾರಾಣೆಯಲ್ಲಿ ಎಷ್ಟಾಣೆ ಧೈರ್ಯ ಉಂಟು ಅಜ್ಜಾ?"

"ನಾಲ್ಕಾಣೆ."

ಹನ್ನೆರಡಾಣೆಗಿಂತ ಕಡಿಮೆ ಹೇಳಿದರೆ ಕೆಲಸ ದೊಡ್ಡದಾಯಿತು ಅಂತ ನನ್ನ ಲೆಕ್ಕ. ಮೂರೇ ಮೆಟ್ಟಿಲು ಅಂದರೆ? ಎಂಟಾಣೆ. ಚಾ ಕುಡಿದ ಮೇಲೆ ಕುರ್ಚಿಯಿಂದ ಕೈ ಊರದೆ ಐದು ಸಲ ಏಳುವುದು? "ಅದು ಹದಿನಾಲ್ಕಾಣೆ" ಎಂದು ಅಲ್ಲೇ ಎದ್ದು ತೋರಿಸಿದರು. ಸರಿ, ಅದರಿಂದಲೇ ಶುರು.

ಅವರಿಗೆ ಆಸ್ಪತ್ರೆಯಿಂದ ಕೊಟ್ಟ ಪುಸ್ತಕ ಮಲಯಾಳದಲ್ಲಿತ್ತು. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ. ಅದಕ್ಕೇ ಗೋಡೆಯ ಕ್ಯಾಲೆಂಡರಿನಲ್ಲಿ "ಚಾ ಆದ ಮೇಲೆ ಐದು ಸಲ" ಎಂದು ಅವರ ಕೈಯಲ್ಲೇ ಬರೆಸಿದೆ. ಮಾಡಿದ ದಿನಕ್ಕೆ ಒಂದು ಗೀಟು. ರಾತ್ರಿ ಮಲಗುವ ಮೊದಲು ಸೊಸೆ ಅವರ ಅಂಗಾಲಿನಲ್ಲಿ ಗಾಯ ಉಂಟಾ ಅಂತ ನೋಡುವುದು. ಬರಿಗಾಲಲ್ಲಿ ಅಂಗಳಕ್ಕೆ ಇಳಿಯುವ ಹಾಗಿಲ್ಲ, ಇದನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ.

ಬೆಂಗಳೂರಿನಿಂದ ಮಗ ಫೋನ್ ಮಾಡಿದ. "ಅಪ್ಪ ಬಿದ್ದರೆ ಯಾರು ನೋಡುವುದು ಸಿಸ್ಟರ್? ಶುಗರ್ ನಾರ್ಮಲ್ ಆದ್ರೆ ಸಾಕು." ಅವನ ಹೆದರಿಕೆ ಸುಳ್ಳಲ್ಲ. ಅಪ್ಪನಿಗೆ ಏನು ಬೇಕು ಅಂತ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುವಾರ ಮೆಟ್ಟಿಲ ಬದಿಗೆ ಪೈಪಿನ ಕೈಹಿಡಿ ಹಾಕಿಸಿದ.

ಇನ್ನೊಬ್ಬರು ಅಜ್ಜಿಗೆ ಹೃದಯದ ತೊಂದರೆ, ಕಾಲು ಬಾವು. ಅವರಿಗೆ ಬೇಕಾದದ್ದು ಶನಿವಾರದ ಭಜನೆ. ಅದನ್ನು ಕೇಳಿದ್ದರಿಂದಲೇ ಗೊತ್ತಾಯಿತು, ಮೂತ್ರಕ್ಕೆ ಹೋಗುವ ಮಾತ್ರೆಯನ್ನು ಶನಿವಾರ ಅವರು ನುಂಗುತ್ತಲೇ ಇರಲಿಲ್ಲ! ಭಜನೆಯ ನಡುವೆ ಏಳುವುದು ಹೇಗೆ, ಅಲ್ವಾ? ಡಾಕ್ಟ್ರನ್ನು ಕೇಳಿ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿದೆವು. ಉಪ್ಪು ಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಪೂರ್ತಿ ಬಿಡುವುದಿಲ್ಲ ಎಂದರು. ಅಪರೂಪಕ್ಕೆ ಸ್ವಲ್ಪ, ಅದೂ ರಾತ್ರಿ ನೀರಲ್ಲಿ ಹಾಕಿ, ನೀರು ಎರಡು ಸಲ ಚೆಲ್ಲಿ, ಮತ್ತೆ ಉಪ್ಪು ಹಾಕದೆ ಪಲ್ಯ. ದಿನಾ ಬೆಳಿಗ್ಗೆ ತೂಕ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ನನಗೆ ಫೋನ್.

ಅಜ್ಜ ಏಪ್ರಿಲ್‌ನಲ್ಲಿ 11ನೇ ಮೆಟ್ಟಿಲಿಗೆ ಮುಟ್ಟಿದ್ದರು. ಜೂನ್‌ನಲ್ಲಿ ಮಳೆ ಹಿಡಿಯಿತು, ಮುರಕಲ್ಲಿಗೆ ಪಾಚಿ ಕಟ್ಟಿತು. ನಾನು ಏನೂ ಹೇಳುವ ಮೊದಲೇ ಕ್ಯಾಲೆಂಡರ್ ತೋರಿಸಿದರು. "ಮಳೆ ಬಿಡುವವರೆಗೆ ಚಾವಡಿಯಲ್ಲಿ ಹತ್ತು ಸುತ್ತು" ಎಂದು ಬರೆದಿತ್ತು. ಕೆಳಗೆ ಆರು ಗೀಟು.