ಮೊದಲ ಪೇಪರ್ ಜರ್ನಲ್‌ಗೆ ಕಳಿಸುವ ಮುಂಚೆ

ಥೀಸಿಸ್‌ನ ಒಂದು ಅಧ್ಯಾಯವನ್ನು ಹಾಗೇ ಕತ್ತರಿಸಿ ಕಳಿಸಬೇಡಿ. ಥೀಸಿಸ್ ಓದುವವರು ನಿಮಗೆ ಏನೇನು ಗೊತ್ತು ಅಂತ ನೋಡುತ್ತಾರೆ. ಎಡಿಟರ್‌ಗೆ ಬೇಕಾಗಿರುವುದು ಇದರಲ್ಲಿ ಹೊಸದೇನಿದೆ ಅನ್ನುವುದು. ಅದನ್ನು ಎರಡು ಸಾಲಿನಲ್ಲಿ ಬರೆದು ನೋಡಿ. ಬರೆಯಲು ಆಗದಿದ್ದರೆ ಪೇಪರ್ ಇನ್ನೂ ಹಣ್ಣಾಗಿಲ್ಲ.

ಯಾವ ಜರ್ನಲ್‌ಗೆ ಕಳಿಸಬೇಕು? ನಿಮ್ಮ ರೆಫರೆನ್ಸ್ ಪಟ್ಟಿಯಲ್ಲಿ ಯಾವ ಹೆಸರು ಮತ್ತೆ ಮತ್ತೆ ಬರುತ್ತದೋ ಅಲ್ಲಿಂದ ಶುರು ಮಾಡಿ. ಮುಂಚೆ ಯುಜಿಸಿ-ಕೇರ್ ಪಟ್ಟಿ, ಅಂದರೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ, ನೋಡಿದರೆ ಸಾಕು ಅನ್ನುತ್ತಿದ್ದರು, 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿತು, ಹಾಗಾಗಿ ಅಸಲಿ ಯಾವುದು ನಕಲಿ ಯಾವುದು ಅಂತ ಈಗ ನೀವೇ ನೋಡಿಕೊಳ್ಳಬೇಕು. 'ಮೂರೇ ದಿನದಲ್ಲಿ ಪ್ರಕಟಣೆ' ಅಂತ ವಾಟ್ಸಾಪ್‌ಗೆ ಮೆಸೇಜ್ ಬಂದರೆ ಅಳಿಸಿಬಿಡಿ. ಮೂರು ದಿನದಲ್ಲಿ ಯಾರು ತಾನೇ ಕೂತು ಓದಿ ತಪ್ಪು ತೋರಿಸುತ್ತಾರೆ? ಒಳ್ಳೆಯ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್ ನಂಬರ್ (ಜರ್ನಲ್‌ನ ಗುರುತಿನ ನಂಬರ್) ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ಮಾಡುವವರಿದ್ದಾರೆ. ಎಂಟು ಅಂಕಿಯ ಆ ನಂಬರನ್ನು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಆದರೆ ಅಷ್ಟಕ್ಕೇ ನಂಬಬೇಡಿ, ಹಳೆಯ ಸಂಚಿಕೆಯ ಎರಡು ಪೇಪರನ್ನಾದರೂ ಓದಿ.

ದುಡ್ಡು ಕೇಳಿದರು ಅಂದ ಮಾತ್ರಕ್ಕೆ ಮೋಸ ಅಲ್ಲ. ಓಪನ್ ಆಕ್ಸೆಸ್, ಅಂದರೆ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ ಜರ್ನಲ್‌ಗಳಲ್ಲಿ ಹಲವು, ಬರೆದವರಿಂದ ಫೀಸ್ ತೆಗೆದುಕೊಳ್ಳುತ್ತವೆ. ನಿಮ್ಮ ಹತ್ತಿರ ಅಷ್ಟು ದುಡ್ಡಿಲ್ಲ ಅಂದರೆ ಓಪನ್ ಆಕ್ಸೆಸ್ ಜರ್ನಲ್‌ಗಳ ಪಟ್ಟಿ ಇರುವ ಡಿಒಎಜೆ ವೆಬ್‌ಸೈಟ್‌ನಲ್ಲಿ ಫೀಸ್ ಇಲ್ಲದ ಜರ್ನಲ್‌ಗಳನ್ನಷ್ಟೇ ಬೇರೆ ಮಾಡಿ ನೋಡಬಹುದು.

ಒಂದು ಸಲಕ್ಕೆ ಒಂದೇ ಜರ್ನಲ್. ಎರಡು ಕಡೆ ಕಳಿಸಿ ಸಿಕ್ಕಿಬಿದ್ದರೆ ಹೆಸರು ಕೆಡುತ್ತದೆ.

ರಿವ್ಯೂ, ಅಂದರೆ ಪೇಪರ್ ಓದಿದ ವಿಷಯ ತಜ್ಞರ ಅಭಿಪ್ರಾಯ, ಬಂದಾಗ ಜಾಸ್ತಿ ಜನ ಎಡವುತ್ತಾರೆ. 'ಮೇಜರ್ ರಿವಿಷನ್' (ತುಂಬಾ ತಿದ್ದಿ ಮತ್ತೆ ಕಳಿಸಿ) ಅನ್ನುವ ಪದ ನೋಡಿ, ಸೋತೆ ಅಂತ ಫೈಲ್ ಮುಚ್ಚಿಡುವ ಹುಡುಗ ಹುಡುಗಿಯರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಯಾಕೆಂದರೆ ಅದು ಇನ್ನೂ ಮುಚ್ಚದ ಬಾಗಿಲು, ಬೇಡ ಅನ್ನುವುದಿದ್ದರೆ ಅವರು ಆಗಲೇ ಬೇಡ ಅನ್ನುತ್ತಿದ್ದರು ಅಲ್ವಾ? ಎರಡು ದಿನ ಬಿಟ್ಟು ಮತ್ತೆ ಓದಿ. ರಿವ್ಯೂವರ್ ಬರೆದ ಒಂದೊಂದು ಮಾತನ್ನೂ ಬೇರೆ ಫೈಲ್‌ಗೆ ಹಾಕಿಕೊಂಡು ಅದರ ಕೆಳಗೇ ನಿಮ್ಮ ಉತ್ತರ ಬರೆಯಿರಿ: ಏನು ಬದಲಾಯಿಸಿದಿರಿ, ಯಾವ ಪುಟ, ಯಾವ ಸಾಲು. ಒಂದನ್ನೂ ಬಿಡಬೇಡಿ. ಅವರು ಹೇಳಿದ್ದು ತಪ್ಪು ಅನಿಸಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ, ಮರ್ಯಾದೆಯಿಂದಲೇ ಕಾರಣ ಕೊಡಿ. ಅವರು ತಪ್ಪು ತಿಳಿದುಕೊಂಡಿದ್ದರೆ ನಿಮ್ಮ ವಾಕ್ಯವೇ ಗೊಂದಲವಾಗಿರಬಹುದು, ಅದನ್ನೂ ತಿದ್ದಿ. ಕೊಟ್ಟ ದಿನದೊಳಗೆ ಮುಗಿಯುವುದಿಲ್ಲ ಅನಿಸಿದರೆ ಎಡಿಟರ್‌ಗೆ ಮುಂಚೆಯೇ ಒಂದು ಮೇಲ್ ಹಾಕಿ ಸಮಯ ಕೇಳಿ.